ಅನೌನ್ಸ್‌ಮೆಂಟ್ ಅಕ್ಕನ ರಾಕ್‌ಸ್ಟಾರ್

ಊರಿಗೆಲ್ಲ ಆಕೆಯ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಬಸ್ ನಿಲ್ದಾಣದ ಮಹಡಿಯ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆಂದು ಮೈಕಿನಲ್ಲಿ ಹೇಳುವುದು ಆಕೆಯ ಕೆಲಸ. ಜನ ಇಟ್ಟ ಹೆಸರು ಅನೌನ್ಸ್‌ಮೆಂಟ್ ಅಕ್ಕ. ಬರಬರುತ್ತಾ ಮುಂದಿನ ಉದ್ದ ಪದ ಕಳಚಿ ಬರೀ ಅಕ್ಕ ಉಳಿಯಿತು. ಊರವರನ್ನೆಲ್ಲ ಅವರವರ ಬಸ್ಸು ಹತ್ತಿಸುವ ಗಡಿಬಿಡಿಯಲ್ಲಿ ತನ್ನ ಬಸ್ಸು ತಪ್ಪಿಸಿಕೊಂಡಳು ಎಂದು ಒಡಹುಟ್ಟಿದ ತಂಗಿ ಆಡಿಕೊಳ್ಳುತ್ತಿದ್ದಳು. ಮದುವೆಯಾಗಲಿಲ್ಲ ಎಂಬ ಕೊರಗು ಅಕ್ಕನಿಗೇನೂ ಇರಲಿಲ್ಲ. ಕೆಳಗೆ ನೋಡಲು ಬೇಕಾದಷ್ಟಿತ್ತು. ಗೋಡೆ ಗಡಿಯಾರವನ್ನು ಮಗುವಿನಂತೆ ಅವಚಿಕೊಂಡು ಬಸ್ಸು ಹತ್ತಿದ ಹೆಂಗಸು ಅದನ್ನು ಎಲ್ಲಿಗೆ ಒಯ್ಯುತ್ತಿದ್ದಾಳೆ, ಯಾರಿಗೆ, ಅದು ನಡೆಯುತ್ತದೋ ಇಲ್ಲವೋ ಎಂದು ಬಸ್ಸು ಹೋದ ಮೇಲೂ ಯೋಚಿಸುತ್ತ ಕೂರುವವಳು ಆಕೆ. ಹುಟ್ಟುಗುಣ ಸುಟ್ಟರೂ ಹೋಗದು.

ಆಮೇಲೊಂದು ದಿನ ಊರುಗಳ ಹೆಸರು, ಅಂಕಣಗಳ ಸಂಖ್ಯೆ ಎಲ್ಲವನ್ನೂ ಆಕೆಯ ಬಾಯಿಂದಲೇ ಹೇಳಿಸಿ ಯಂತ್ರಕ್ಕೆ ತುಂಬಿಕೊಂಡರು. ತನ್ನ ಕೈಯಾರೆ ಸವತಿಯನ್ನು ಮನೆ ತುಂಬಿಸಿಕೊಂಡ ಹಾಗಾಯಿತು. ಕೆಲಸ ಹೋಯಿತು, ದನಿ ಮಾತ್ರ ಅಲ್ಲೇ ಉಳಿಯಿತು. ಸ್ವಲ್ಪ ದಿನ ಆ ದನಿಯನ್ನು ಕೇಳಲೆಂದೇ ನಿಲ್ದಾಣಕ್ಕೆ ಹೋಗಿ ಬೆಂಚಿನ ಮೇಲೆ ಕೂತು ಬಂದಳು. ಕೊನೆಗೆ ತಂಗಿ ತಾಳಲಾರದೆ, ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಒಂದು ಸಣ್ಣ ಸ್ಟುಡಿಯೋಗೆ ಕರೆದುಕೊಂಡು ಹೋದಳು. ದನಿ ಕೇಳಿದ ಕೂಡಲೇ ಅವರು ಕೈಗೆ ಕೊಟ್ಟದ್ದು ಒಂದು ದಪ್ಪ ಪ್ರೇಮ ಕಾದಂಬರಿ.

ಕಥಾನಾಯಕ ರಾಕ್‌ಸ್ಟಾರ್. ಕೂದಲು ಭುಜದವರೆಗೆ, ಕೋಪ ಮೂಗಿನ ತುದಿಯಲ್ಲಿ. ಅವನ ತಂಡದ ಬಸ್ಸು ಯಾವುದೋ ಊರಲ್ಲಿ ಕೆಟ್ಟು ನಿಲ್ಲುತ್ತದೆ. ಅದನ್ನು ರಿಪೇರಿ ಮಾಡಲು ಬಂದ ಮೆಕ್ಯಾನಿಕ್ ಹೆಂಗಸಿಗೆ ಅವನು ಯಾರೆಂದೇ ಗೊತ್ತಿಲ್ಲ. ಸ್ಪ್ಯಾನರ್ ಹಿಡಿದುಕೋ ಅನ್ನುತ್ತಾಳೆ, ಅವನು ಹಿಡಿದುಕೊಳ್ಳುತ್ತಾನೆ. ಅಷ್ಟಕ್ಕೇ ಅಕ್ಕ ಕಥೆಗೆ ಬಿದ್ದುಬಿಟ್ಟಳು. ಆದರೆ ಮುಂದಿನ ಪುಟವನ್ನು ಮೊದಲೇ ಓದಲು ಒಪ್ಪಲಿಲ್ಲ. ಮುಂದೇನೆಂದು ತನಗೆ ಗೊತ್ತಿದ್ದರೆ ಕೇಳುವವರಿಗೂ ಗೊತ್ತಾಗಿಬಿಡುತ್ತದೆ ಎಂಬುದು ಆಕೆಯ ವಾದ.

ಸ್ಟುಡಿಯೋದ ಗಾಜಿನ ಗೋಡೆಯ ಆಚೆ ಕೂತು ಮುದ್ರಿಸಿಕೊಳ್ಳುತ್ತಿದ್ದವನನ್ನು ಎಲ್ಲರೂ ಸೌಂಡಪ್ಪ ಎನ್ನುತ್ತಿದ್ದರು. ಅಕ್ಕನದೇ ವಯಸ್ಸು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಹೆಸರಿಗೆ ಸೌಂಡಪ್ಪ, ಮನುಷ್ಯ ಮಾತ್ರ ಸದ್ದೇ ಮಾಡುತ್ತಿರಲಿಲ್ಲ. ನಾಯಕ ಮೊದಲ ಸಲ ಪ್ರೀತಿ ಹೇಳಿಕೊಳ್ಳುವ ಸಾಲನ್ನು ಅಕ್ಕ ಓದಿದಾಗ ಅವನು ಮುದ್ರಣ ನಿಲ್ಲಿಸಿದ.

"ಮೇಡಂ, ಹೀಗೆ ಹೇಳಿದ್ರೆ ಆ ಹುಡುಗಿ ಬ್ಯಾಗ್ ಎತ್ಕೊಂಡು ಅಂಕಣಕ್ಕೆ ಓಡ್ತಾಳೆ."

"ನಂಗೆ ಬರೋದೇ ಅದು. ಪ್ರೀತಿ ಗೀತಿ ಅನೌನ್ಸ್ ಮಾಡಿ ಅಭ್ಯಾಸ ಇಲ್ಲ."

"ಜೋರಾಗಿ ಬೇಡ. ಒಬ್ಬರಿಗೆ ಹೇಳೋ ಹಾಗೆ ಹೇಳಿ."

ಒಬ್ಬರಿಗೆ ಹೇಳುವ ಹಾಗೆ ಎಂದೂ ಮಾತಾಡಿರದ ಅಕ್ಕ ಅದನ್ನು ಅಲ್ಲಿ ಕಲಿತಳು.

ಆ ಸ್ಟುಡಿಯೋದಲ್ಲಿ ಒಂದು ಪದ್ಧತಿಯಿತ್ತು. ದಿನದ ಓದು ಮುಗಿದ ಮೇಲೆ ಸೌಂಡಪ್ಪ ಕೈ ಎತ್ತುತ್ತಿದ್ದ. ಮುದ್ರಣ ನಡೆಯುತ್ತಿದೆ ಎಂದು ತೋರಿಸುವ ಕೆಂಪು ದೀಪ ಮೈಕಿನ ಮೇಲೆ ಹತ್ತಿಯೇ ಇರುತ್ತಿತ್ತು, ಅಕ್ಕ ಒಂದು ನಿಮಿಷ ಸುಮ್ಮನೆ ಕೂರಬೇಕಿತ್ತು. ಕೆಮ್ಮು, ಬಳೆಯ ಸದ್ದು ಬಂದ ಕಡೆ ಕತ್ತರಿಸಿ ತೇಪೆ ಹಾಕಲು ಕೋಣೆಯ ಮೌನ ಬೇಕಂತೆ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಇಲ್ಲಿ ಬೆಳ್ಳಿಗೆ ಸಂಬಳ, ಬಂಗಾರ ಪುಕ್ಕಟೆ ಎಂದು ಅಕ್ಕ ನಕ್ಕಳು.

"ಮೌನಕ್ಕೆ ನಾನ್ಯಾಕೆ? ನಾನು ಹೋದ್ಮೇಲೆ ತಗೊಳ್ಳಿ."

"ಖಾಲಿ ಕೋಣೆ ಮೌನವೇ ಬೇರೆ ಮೇಡಂ, ನೀವು ಕೂತಿರೋವಾಗಿಂದೇ ಬೇರೆ. ಕೂಡಿಸಿದ್ರೆ ಗೊತ್ತಾಗುತ್ತೆ."

ಮೊದಮೊದಲು ಆ ನಿಮಿಷದಲ್ಲಿ ಅಕ್ಕನ ಹೊಟ್ಟೆ ಗುರುಗುಟ್ಟುತ್ತಿತ್ತು. ಆಮೇಲೆ ಗಾಜಿನಾಚೆಗಿನ ಮನುಷ್ಯನನ್ನು ನೋಡುವುದೇ ಕೆಲಸವಾಯಿತು. ಇವನೇಕೆ ಹೆಡ್‌ಫೋನನ್ನು ಬಲಗಿವಿಗೆ ಮಾತ್ರ ಒತ್ತಿಕೊಳ್ಳುತ್ತಾನೆ? ತಡೆಯಲಾರದೆ ಕೇಳಿಯೇಬಿಟ್ಟಳು.

"ಎಡಗಿವಿ ಡ್ರಮ್ಮಿಗೆ ಹೋಯ್ತು. ಚಿಕ್ಕ ವಯಸ್ಸಲ್ಲಿ ಒಂದು ರಾಕ್ ತಂಡದಲ್ಲಿ ಗಿಟಾರ್ ನುಡಿಸ್ತಿದ್ದೆ. ಡ್ರಮ್ಮಿನ ಪಕ್ಕಾನೇ ನನ್ನ ಜಾಗ."

"ಅಂದ್ರೆ ನೀವೂ ರಾಕ್‌ಸ್ಟಾರಾ? ಹೆಸರು ಮಾಡಿದ್ರಾ?"

"ಒಂದೂರಲ್ಲಿ ಮಾಡಿದ್ವಿ. ಪಕ್ಕದೂರಿಗೆ ಹೋಗೋಷ್ಟರಲ್ಲಿ ಮರೆತಿದ್ರು."

ಅಂದು ಸಂಜೆ ತಂಗಿ ಎಂದಿನಂತೆ ಬಾಗಿಲಲ್ಲೇ ಹಿಡಿದಳು. ಕಥೆಯ ಹುಚ್ಚು ಅವಳಿಗೂ ಹತ್ತಿತ್ತು. "ರಾಕ್‌ಸ್ಟಾರ್ ಏನಂದ?"

"ಒಂದು ಕಿವಿ ಕೇಳಲ್ವಂತೆ ಪಾಪ."

"ನಾನು ಕಥೆಯವನನ್ನ ಕೇಳಿದ್ದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅಕ್ಕ ಸೆರಗು ಸರಿಮಾಡಿಕೊಂಡಳು. ತಂಗಿ ಬಿಡಲಿಲ್ಲ. "ಅಲ್ಲ ಕಣೇ, ಊರೆಲ್ಲ ನಿನ್ನನ್ನ ಅಕ್ಕ ಅನ್ನುತ್ತೆ. ಆ ಸ್ಟುಡಿಯೋ ಮಾಲೀಕರೂ ಅಕ್ಕ ಅಂತಾರೆ. ಆ ಸೌಂಡಪ್ಪನವರೊಬ್ಬರು ಯಾಕೆ ಮೇಡಂ ಅಂತಾರೆ?"

ಇದನ್ನು ಅಕ್ಕ ಯೋಚಿಸಿಯೇ ಇರಲಿಲ್ಲ. ಈಗ ಬೇರೇನನ್ನೂ ಯೋಚಿಸಲಾಗಲಿಲ್ಲ. ನಿದ್ದೆಗೆಟ್ಟು ಲೆಕ್ಕ ಹಾಕಿದರೆ ಪುಸ್ತಕದಲ್ಲಿ ಉಳಿದದ್ದು ಒಂದೇ ಅಧ್ಯಾಯ. ಅದು ಮುಗಿದರೆ ಆ ಕೋಣೆಗೆ ಹೋಗಲು ನೆಪವಿಲ್ಲ. ಮುಂದಿನ ಪುಸ್ತಕ ಯಾರಿಗೋ, ಯಾವಾಗಲೋ. ಅವನನ್ನು ಇನ್ನು ನೋಡಲಾಗದೇನೋ ಎಂದು ಆಕೆಗೆ ನಿಜವಾಗಿ ಸಂಕಟವಾಯಿತು. ಈ ವಯಸ್ಸಿನಲ್ಲಿ ಇದೆಂಥ ಕರ್ಮ ಎಂದು ನಗುವೂ ಬಂತು.

ಮರುದಿನ ಕೊನೆಯ ಅಧ್ಯಾಯವನ್ನು ಮೆಲ್ಲಗೆ ಓದಿದಳು. ರಾಕ್‌ಸ್ಟಾರ್ ತುಂಬಿದ ಮೈದಾನದಲ್ಲಿ ಹಾಡು ನಿಲ್ಲಿಸಿ, ಗುಂಪಿನಲ್ಲೆಲ್ಲೋ ನಿಂತ ಮೆಕ್ಯಾನಿಕ್‌ಗೆ ಮೈಕಿನಲ್ಲೇ ಪ್ರೀತಿ ಹೇಳಿಕೊಂಡ. ಪುಸ್ತಕ ಮುಗಿಯಿತು.

"ಅಷ್ಟು ಜನರ ಮುಂದೆ ಹೇಳೋಕೆ ಧೈರ್ಯ ಬೇಕು," ಎಂದಳು.

"ವೇದಿಕೆ ಮೇಲೆ ಸುಲಭ ಮೇಡಂ. ಲೈಟಿನ ಬೆಳಕಿಗೆ ಎದುರಿಗೆ ಯಾರೂ ಕಾಣಲ್ಲ. ಒಬ್ಬರೇ ಎದುರಿಗಿದ್ರೆ ಕಷ್ಟ," ಎಂದು ಸೌಂಡಪ್ಪ ಕೈ ಎತ್ತಿದ.

ಅಕ್ಕ ಸುಮ್ಮನೆ ಕೂತಳು. ಸ್ವಲ್ಪ ಹೊತ್ತಿಗೆ ಕಣ್ಣು ಮೈಕಿನ ಮೇಲೆ ಹೋಯಿತು. ಕೆಂಪು ದೀಪ ಆರಿತ್ತು. ಮರೆತನೇ? ಕುರ್ಚಿ ಕಿರುಗುಟ್ಟಿದರೂ ಮುದ್ರಣ ನಿಲ್ಲಿಸುವ ಮನುಷ್ಯ ಇದನ್ನು ಮರೆಯುವವನಲ್ಲ. ಹೇಳಿದರೆ ನಿಮಿಷ ಕೆಡುತ್ತದೆ, ಹೇಳದಿದ್ದರೆ ಮುಗಿದುಹೋಗುತ್ತದೆ. ಕೇಳದೆ ಇರುವುದು ಆಕೆಯ ಜಾಯಮಾನವೇ ಅಲ್ಲ.

"ಕೆಂಪು ದೀಪ ಆರಿದೆ."

"ಗೊತ್ತು. ನಾನೇ ಆರಿಸಿದೆ."

"ಮತ್ತೆ ಯಾಕೆ ಕೂರಿಸಿದ್ರಿ?"

ಸೌಂಡಪ್ಪ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಆಕೆಯ ದನಿ ಕೇಳಲು ಸ್ಪೀಕರ್ ಹಾಕಿದ. "ಪುಸ್ತಕಕ್ಕೆ ಬೇಕಾದಷ್ಟು ಮೌನ ಆಗಲೇ ಸಿಕ್ಕಿದೆ. ನನ್ನ ಮನೇಲಿರೋದು ಬರೀ ಖಾಲಿ ಕೋಣೆ ಮೌನ. ಇದನ್ನ ಇನ್ನೊಂದು ಸಲ ಕೇಳೋಣ ಅನ್ನಿಸ್ತು."

"ಎಲ್ಲರೂ ಅಕ್ಕ ಅಂತಾರೆ. ನೀವ್ಯಾಕೆ ಮೇಡಂ ಅಂತೀರಿ?"

"ಮೊದಲನೇ ದಿನ ಅಕ್ಕ ಅನ್ನೋಕೆ ಹೊರಟೆ. ಬಾಯಿ ಬರಲಿಲ್ಲ. ಆಮೇಲೆ ಪ್ರಯತ್ನಾನೂ ಮಾಡಲಿಲ್ಲ."

ಅಕ್ಕನಿಗೆ ಸಂತೋಷವೂ ಆಯಿತು, ಅಷ್ಟೇ ಹೆದರಿಕೆಯೂ ಆಯಿತು. ಒಬ್ಬರಿಗೆ ಹೇಳುವ ದನಿಗಾಗಿ ತಡಕಾಡಿದಳು. ಅಷ್ಟು ದಿನ ಕಲಿತದ್ದು ಬೇಕಾದ ಹೊತ್ತಿಗೆ ಕೈಕೊಟ್ಟಿತು. ಗಂಟಲಿಂದ ಬಂದದ್ದು ಹಳೆಯ ದನಿಯೇ.

"ಪ್ರಯಾಣಿಕರ ಗಮನಕ್ಕೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಒಬ್ಬ ಹೆಂಗಸು ಇಲ್ಲಿಂದ ನಡೆದುಕೊಂಡು ಮನೆಗೆ ಹೊರಡಲಿದ್ದಾಳೆ. ಜೊತೆಗೆ ಬರುವವರು ದಯವಿಟ್ಟು ಕೂಡಲೇ ಬಾಗಿಲ ಬಳಿ ಬರಬೇಕಾಗಿ ವಿನಂತಿ."

ಗಾಜಿನಾಚೆ ಸೌಂಡಪ್ಪ ಎದ್ದ ರಭಸಕ್ಕೆ ಕುರ್ಚಿ ಮಗುಚಿ ಬಿತ್ತು. ಅಷ್ಟು ದೊಡ್ಡ ಸದ್ದನ್ನು ಅವನು ಆ ಸ್ಟುಡಿಯೋದಲ್ಲಿ ಎಂದೂ ಮಾಡಿರಲಿಲ್ಲ.

ಹೊರಗೆ ರಸ್ತೆಯ ತುಂಬ ವಾಹನಗಳ ಗದ್ದಲ. ಅಕ್ಕ ಅವನ ಹಿಂದಿನಿಂದ ಸುತ್ತಿ ಬಂದು ಬಲಗಡೆಗೆ ಸೇರಿಕೊಂಡಳು. ಅವನನ್ನು ಕೇಳುವುದು ಇನ್ನೂ ಬಹಳ ಇತ್ತು.