ಡೊರೀನ್‌ಳ ಕಪ್ಪು ಬಿಯರ್ ಹಣ್ಣಾದ ವರ್ಷ

ಹ್ಯಾಲಿಫ್ಯಾಕ್ಸ್ ಊರಿನಲ್ಲಿ ಇಪ್ಪತ್ತಾರು ವರ್ಷದಿಂದ ಬಸ್ಸು ಓಡಿಸುತ್ತಿದ್ದ ಡೊರೀನ್ ಆಕ್ರಾಯ್ಡ್ ಹಿಡಿದ ಕೆಲಸ ಬಿಟ್ಟವಳಲ್ಲ. ಒಂದು ವರ್ಷ ಆಕೆ ಅಡುಗೆಮನೆಯಲ್ಲಿ ಗಟ್ಟಿ ಕಪ್ಪು ಬಿಯರ್ ಕಾಯಿಸಿ, ಹುದುಗು ಬರಿಸಿ, ಮೂವತ್ತು ಬಾಟಲಿ ತುಂಬಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿಟ್ಟಳು. ಅದಾದ ವಾರಕ್ಕೆ ಜ್ವರ ಬಂತು. ಜ್ವರವೇನೋ ಇಳಿಯಿತು, ಆದರೆ ಮೂಗು ಸತ್ತುಹೋಯಿತು. ಸೋಪು, ಡೀಸೆಲ್, ಹುರಿದ ಈರುಳ್ಳಿ ಎಲ್ಲವೂ ಒಂದೇ. ವಾಸನೆ ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು.

ಆಕೆ ಅಳುತ್ತ ಕೂರಲಿಲ್ಲ. ಮೂಗನ್ನು ಮತ್ತೆ ಪಳಗಿಸಲೆಂದು ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಒಂದು ಬಾಟಲಿ ತೆರೆಯುವುದೆಂದು ಗೊತ್ತುಮಾಡಿದಳು. ಪಕ್ಕದ ಮನೆಯ ಕ್ಲಿಫರ್ಡ್, ಅಂಚೆ ಹಂಚಿ ನಿವೃತ್ತನಾದ ಮುದುಕ, ಕುಡಿದು ರುಚಿ ಹೇಳಬೇಕು. ಆಕೆ ಲೋಟಕ್ಕೆ ಮೂಗು ಹಿಡಿದು, ಅವನು ಹೇಳಿದ್ದರ ವಾಸನೆಯನ್ನು ನೆನಪಿಸಿಕೊಳ್ಳಬೇಕು.

ಮೊದಲ ಬಾಟಲಿಗೆ ಮುದುಕ ಮುಖ ಕಿವುಚಿದ. "ಸೀದ ರೊಟ್ಟಿ ಕಣಮ್ಮ. ಗಂಟಲೂ ಉರೀತದೆ." ಆಕೆಗೆ ಸಿಕ್ಕಿದ್ದು ನಾಲಿಗೆಯ ಮೇಲಿನ ಕಹಿ ಮಾತ್ರ. ಮೂರನೆಯ ತಿಂಗಳಿಗೆ ಸೀದದ್ದು ತಗ್ಗಿ ಕಾಫಿಯಂತಾಗಿದೆ ಎಂದ. ಆರನೆಯದಕ್ಕೆ ಉರಿ ಹೋಗಿ ಚಾಕೊಲೇಟಿನ ಹಾಗೆ ನುಣುಪಾಗಿದೆ ಎಂದು ಇನ್ನೊಂದು ಲೋಟ ಕೇಳಿದ. ಅವತ್ತೇ ಆಕೆಯ ಮೂಗಿಗೆ ಮೊದಲ ಬಾರಿ ಏನೋ ಬಡಿಯಿತು: ಸುಟ್ಟ ಟೈರು. ಹಾಗೆಂದು ಹೇಳಿ ಲೋಟವನ್ನು ದೂರ ಹಿಡಿದಳು.

"ಸಾಕು ಬಿಡಮ್ಮ, ಚೆಲ್ಬಿಡು," ಎಂದ ಕ್ಲಿಫರ್ಡ್.

"ಟೈರೋ ಗೀರೋ, ಏನೋ ಒಂದು ಬಂತಲ್ಲ. ಚೆಲ್ಲಲ್ಲ ನಾನು," ಎಂದು ಆಕೆ ಕಣ್ಣಲ್ಲಿ ನೀರು ಬರುತ್ತಿದ್ದರೂ ಲೋಟ ಖಾಲಿ ಮಾಡಿದಳು.

ಮುಂದಿನ ಮೂರು ತಿಂಗಳೂ ಟೈರೇ. ಹತ್ತನೆಯ ತಿಂಗಳು ಅದು ತುಸು ಸರಿದು, ಹಿಂದಿನಿಂದ ಒಣದ್ರಾಕ್ಷಿಯ ಸಿಹಿ ವಾಸನೆ ಸುಳಿದಂತಾಯಿತು. ತಾನು ಮೊದಲು ಹೇಳಿದರೆ ಮುದುಕ ಕನಿಕರಕ್ಕೆ ಹೌದು ಹೌದು ಎಂದುಬಿಟ್ಟರೆ? ಅವನಿಗೆ ಏನು ರುಚಿ ಅನ್ನಿಸಿತೆಂದು ಅವನೇ ಮೊದಲು ಚೀಟಿಯಲ್ಲಿ ಬರೆಯಬೇಕೆಂದು ಹಟ ಹಿಡಿದಳು. ಅವನು ಬರೆದದ್ದು: ಒಣದ್ರಾಕ್ಷಿ, ಕಾಕಂಬಿ.

ಅಷ್ಟಕ್ಕೂ ಆಕೆಗೆ ಸಮಾಧಾನವಿಲ್ಲ. ಒಂದೇ ಸಲ ಹೊಂದಿದ್ದು ಅದೃಷ್ಟವೂ ಇರಬಹುದಲ್ಲ. ಅದೇ ಹುರಿದ ಜವೆಗೋಧಿ, ಅದೇ ಅಳತೆ ಹಿಡಿದು ಮತ್ತೊಮ್ಮೆ ಬಿಯರ್ ಕಾಯಿಸಿದಳು. ಹೊಸದು ಸಿದ್ಧವಾದ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಳು. ಕ್ಲಿಫರ್ಡ್ ಹಳೆಯದನ್ನೂ ಹೊಸದನ್ನೂ ಅದಲುಬದಲು ಮಾಡಿ ಒಂದೊಂದಾಗಿ ಮುಂದೆ ಹಿಡಿದ. ಬರಿಯ ಮೂಸಿ ಯಾವುದೆಂದು ಹೇಳಬೇಕು. ಆರು ಸಲದಲ್ಲಿ ಐದು ಸಲ ಸರಿ ಹೇಳಿದಳು.

"ಒಂದು ತಪ್ತಲ್ಲಮ್ಮ," ಎಂದು ಅವನು ಛೇಡಿಸಿದ.

"ಹಂಗಾದ್ರೆ ಮುಂದಿನ ಭಾನ್ವಾರ ಇನ್ನೊಂದ್ಸಲ ಬನ್ನಿ," ಎಂದಳು ಡೊರೀನ್, ಬಟ್ಟೆ ಬಿಚ್ಚುತ್ತ.

ಅವನು ಬಂದ. ಆ ಭಾನುವಾರ ಆರಕ್ಕೆ ಆರೂ ಸರಿಹೋದವು. ಹಳೆಯ ಬಾಟಲಿಗಳಲ್ಲಿ ಹತ್ತನ್ನು ಬೇರೆ ತೆಗೆದು, ಇನ್ನಷ್ಟು ಹಣ್ಣಾಗಲಿ, ಐದು ವರ್ಷ ಯಾರೂ ಮುಟ್ಟಬಾರದೆಂದು ಆಕೆ ಗೂಡಿನ ಹಿಂದಕ್ಕೆ ತಳ್ಳಿದಳು.