ನನಗಿಂತ ಮೊದಲೇ ಬಂದ ನನ್ನ ದೋಸೆ

ಟೇಬಲ್ ಮೇಲೆ ನನ್ನ ಮಸಾಲೆ ದೋಸೆ ಇತ್ತು. ಪಕ್ಕದಲ್ಲಿ ನನ್ನ ಕಾಫಿ. ನನಗಿಷ್ಟ ಅಂತ ಎಕ್ಸ್‌ಟ್ರಾ ಚಟ್ನಿ ಬೇರೆ. ಇಲ್ಲದಿದ್ದವಳು ನಾನೊಬ್ಬಳೇ.

ನಾನು ಆಗ ಎಲ್ಲಿದ್ದೆ? ನಮ್ಮ ಠಾಣೆ ದಾಟಿ, ಐರೋಲಿಗಿಂತ ಸ್ವಲ್ಪ ಈಚೆ, ಒಂದು ಫ್ಲೈಓವರ್ ಅಡಿಯಲ್ಲಿ, ಸೈಕಲ್ಲನ್ನು ತಲೆಕೆಳಗು ಮಾಡಿಟ್ಟುಕೊಂಡು ಕಳಚಿದ ಚೈನಿನ ಜೊತೆ ಗುದ್ದಾಡುತ್ತಿದ್ದೆ. ಹೊರಗೆ ಶ್ರಾವಣದ ಮಳೆ ಹುಯ್ಯುತ್ತಿತ್ತು. ಅಷ್ಟರಲ್ಲಿ ಗಂಡ, ಮಗಳು ಇಬ್ಬರೂ ತಮ್ಮ ತಮ್ಮ ಸೈಕಲ್ಲಿನಲ್ಲಿ ಹೋಟೆಲ್ ಮುಟ್ಟಿ, ಕೈ ತೊಳೆದು, ಮೂವರಿಗೂ ಆರ್ಡರ್ ಕೊಟ್ಟು ಕೂತಾಗಿತ್ತು. ನನ್ನ ತಿಂಡಿ ಮರೆತಿರಲಿಲ್ಲ ನೋಡಿ. ನಾನು ನೆನಪಾದದ್ದು ಮಾತ್ರ ದೋಸೆ ಬಂದ ಮೇಲೆ.

ಫೋನ್ ಮಾಡಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಒದ್ದೆಯಾಗದಿರಲಿ ಅಂತ ಮೂವರ ಫೋನೂ ನಮ್ಮವರ ಸೊಂಟದ ಪೌಚಿನಲ್ಲಿ ಬೆಚ್ಚಗಿದ್ದವು. ಕೂಗಬಹುದಿತ್ತಲ್ಲ? ಕೂಗಿದೆ. ಠಾಣೆ–ಬೇಲಾಪುರ ರಸ್ತೆಯಲ್ಲಿ ಟ್ರಕ್ಕುಗಳ ನಡುವೆ ನಿಂತು ಒಮ್ಮೆ ಕೂಗಿ ನೋಡಿ, ನಿಮ್ಮ ದನಿ ನಿಮಗೇ ಕೇಳಿಸಿದರೆ ಹೇಳಿ.

ಈ ಸೈಕಲ್ ಹುಚ್ಚು ನಮಗೆ ಹಿಡಿದದ್ದು ಕಳೆದ ಜನವರಿಯಲ್ಲಿ. ಮಗಳು ಸಾನ್ವಿ (ಒಂಬತ್ತನೇ ಕ್ಲಾಸು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ) ಗೇರ್ ಸೈಕಲ್ ಬೇಕು ಅಂತ ಹಟ ಹಿಡಿದಳು. ಡಾಕ್ಟರು ನಮ್ಮವರ ಹೊಟ್ಟೆ ನೋಡಿ, ಮನೆಯಲ್ಲಿ ಎರಡು ಸೈಕಲ್ ಇರಲಿ ಅಂದರು. ಪುಣೆಗೆ ಮನೆ ಬದಲಾಯಿಸುತ್ತಿದ್ದ ಪಕ್ಕದ ವಿಂಗ್‌ನ ವಹಿನಿ (ಮರಾಠಿಯಲ್ಲಿ ಅತ್ತಿಗೆ) ತಮ್ಮ ಬುಟ್ಟಿ ಇರುವ ಲೇಡೀಸ್ ಸೈಕಲ್ಲನ್ನು ನನಗೇ ದಾಟಿಸಿ ಹೋದರು. ಕುಂದಾಪುರದಲ್ಲಿ ಅಣ್ಣನ ಸೈಕಲ್ ಕದ್ದು ಒಳಪೆಡಲ್ ಹೊಡೆದವಳು ನಾನು. ಮೂವತ್ತು ವರ್ಷದ ಮೇಲೆ ಸೀಟಿನ ಮೇಲೆ ಕೂತೆ. ಬೀಳಲಿಲ್ಲ. ವರ್ತಕ ನಗರದ ನಮ್ಮ ಸೊಸೈಟಿಯ ಗೇಟು ದಾಟುವಾಗ ನನಗಾದ ಖುಷಿಗೆ ವಾಚ್‌ಮನ್ನನಿಗೆ ಸೆಲ್ಯೂಟ್ ಹೊಡೆದುಬಿಟ್ಟೆ.

ಅಲ್ಲಿಂದ ಪ್ರತಿ ಭಾನುವಾರ ಹಬ್ಬ. ಚಳಿಗಾಲದಲ್ಲಿ ಉಪವನ ಕೆರೆ. ನೀರಿನ ಮೇಲೆ ತೆಳುವಾಗಿ ಮಂಜು, ಠಾಣೆಯವರೆಲ್ಲ ಇದ್ದಬದ್ದ ಸ್ವೆಟರ್ ತೆಗೆದು ಹಾಕಿಕೊಳ್ಳುವ ಆ ಹದಿನೈದು ದಿನ. ಬೇಸಿಗೆಯಲ್ಲಿ ಸೂರ್ಯ ಏಳುವ ಮೊದಲೇ ಐರೋಲಿ ಸೇತುವೆ. ಕೆಳಗೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿನಲ್ಲಿ ಸಾಲಾಗಿ ನಿಂತ ಗುಲಾಬಿ ಫ್ಲೆಮಿಂಗೊಗಳು, ವಾಪಸ್ ಬರುವಾಗ ಕಬ್ಬಿನ ಹಾಲು. ಮೊದಲ ಮಳೆಗೆ ಯೇವೂರು ಗುಡ್ಡದ ಬುಡ. ಆ ಮಣ್ಣಿನ ಪರಿಮಳಕ್ಕೆ ನಮ್ಮವರು ಹೆಲ್ಮೆಟ್ ತೆಗೆದು ಬಾಯಿ ಬಿಟ್ಟುಕೊಂಡು ನಿಂತರು. ಆಫೀಸಿನವರು ಯಾರಾದರೂ ನೋಡಬೇಕಿತ್ತು.

ಎಲ್ಲ ಸವಾರಿಯೂ ಕೊನೆಗೆ ಮುಟ್ಟುವುದು ಒಂದು ಉಡುಪಿ ಹೋಟೆಲಿಗೆ. ನಮ್ಮವರ ಅಪ್ಪ ಕಲ್ಯಾಣದಲ್ಲಿ ಹೋಟೆಲ್ ನಡೆಸಿದವರು. ಹಾಗಾಗಿ ಇವರು ಸಾಂಬಾರಿನ ಪರೀಕ್ಷೆ ಮಾಡದೆ ಯಾವ ಊರನ್ನೂ ದಾಟುವುದಿಲ್ಲ. ಹೊಟ್ಟೆ ಕರಗಿಸಲು ಹೊರಟವರು ಹೊಟ್ಟೆಗೇ ರೂಟ್ ಮ್ಯಾಪ್ ಬರೆಯಲು ಕೊಟ್ಟರೆ ಆಗುವುದು ಇನ್ನೇನು?

ಎಲ್ಲ ಚೆಂದವೇ, ಒಂದು ಬಿಟ್ಟು. ನಾನು ಯಾವಾಗಲೂ ಹಿಂದೆ.

ಇದು ಸೈಕಲ್ಲಿನಿಂದ ಶುರುವಾದದ್ದಲ್ಲ. ನಮ್ಮವರು ವರ್ಷಗಟ್ಟಲೆ ಠಾಣೆಯಿಂದ ಬೇಲಾಪುರದ ಆಫೀಸಿಗೆ ಲೋಕಲ್ ಹಿಡಿದವರು. ಅವರ ಕಾಲಿಗೆ ನಡೆಯುವುದು ಗೊತ್ತಿಲ್ಲ, ಟ್ರೇನ್ ಹಿಡಿಯುವುದಷ್ಟೇ ಗೊತ್ತು. ಡೊಂಬಿವಲಿಯಲ್ಲಿ ಮದುವೆಯಿರಲಿ, ನಾಮಕರಣವಿರಲಿ, ಸ್ಟೇಷನ್ನಿನ ಬ್ರಿಜ್ ಮೇಲೆ ಇವರು ಕೈ ಬೀಸಿಕೊಂಡು ಮುಂದೆ. ರೇಷ್ಮೆ ಸೀರೆ ಎತ್ತಿ ಹಿಡಿದು, ಗಿಫ್ಟಿನ ಚೀಲ, ನೀರಿನ ಬಾಟಲು, ಮಗಳ ಸ್ವೆಟರ್ ಹೊತ್ತು ನಾನು ಹಿಂದೆ. ನಡುವೆ ಅರ್ಧ ಪ್ಲಾಟ್‌ಫಾರ್ಮಿನಷ್ಟು ಜನ. ಇವರ ಬೆನ್ನು, ಶರ್ಟಿನ ಕಾಲರು, ತಲೆಯ ಮೇಲೆ ಅಗಲವಾಗುತ್ತಿರುವ ಮೈದಾನ, ಇಷ್ಟೂ ನನಗೆ ಬಾಯಿಪಾಠ. (ನಗುತ್ತಿರುವ ಅಕ್ಕಂದಿರೇ, ನಿಮ್ಮಲ್ಲೂ ಇದೇ ಕಥೆ ಅಂತ ನನಗೆ ಗೊತ್ತು.)

ಮಳೆಗಾಲದಲ್ಲಿ ಹಿಂದೆ ಇರುವುದಕ್ಕೆ ಇನ್ನೊಂದು ಅರ್ಥವಿದೆ. ಮುಂದಿನವರ ಚಕ್ರ ಹಾರಿಸಿದ ಕೆಸರೆಲ್ಲ ನಿಮ್ಮ ಮುಖಕ್ಕೇ.

ಅವತ್ತು ಹಾಗೆ ಕೆಸರಾದ ಮುಖ, ಗ್ರೀಸ್ ಮೆತ್ತಿದ ಕೈ ಹೊತ್ತು ಹೋಟೆಲಿಗೆ ಬಂದೆ. ಚೈನ್ ಕೊನೆಗೂ ನಾನೇ ಕೂರಿಸಿದ್ದೆ, ಆ ಜಂಬವೂ ಒಂದಿಷ್ಟಿತ್ತು. ಇಬ್ಬರೂ ಆಗಷ್ಟೇ ನನ್ನನ್ನು ಹುಡುಕಲು ಏಳುತ್ತಿದ್ದರು ಅಂತ ಆಮೇಲೆ ಹೇಳಿದರು. ನಂಬಿದ್ದೇನೆ. ಆದರೆ ನಮ್ಮವರ ಬಾಯಿಂದ ಬಂದ ಮೊದಲ ಮಾತು ಇದು:

"ಎಲ್ಲಿ ಉಳಿದೆ ನೀನು? ದೋಸೆ ಆರ್ತಾ ಉಂಟು."

ಹೋಟೆಲಿನವರ ಮಗ ನೋಡಿ. ಹೆಂಡತಿ ಕಾಣೆಯಾದರೆ ಹುಡುಕಬಹುದು, ಆರಿದ ದೋಸೆಯನ್ನು ಏನು ಮಾಡುವುದು?

ನಾನು ಕುರ್ಚಿ ಎಳೆದು ಕೂತೆ. ದೋಸೆ ತಿಂದೆ. (ಅನ್ನದ ಮೇಲೆ ಕೋಪ ಮಾಡಬಾರದು.) ಮನೆಗೆ ಬಂದು, ಸೈಕಲ್ ಯಾರಿಗಾದರೂ ಕೊಟ್ಟುಬಿಡಿ, ನಾನು ಇನ್ನು ಬರುವುದಿಲ್ಲ ಅಂದೆ. ಸ್ನಾನದ ಮನೆಯಲ್ಲಿ ಗ್ರೀಸ್ ತಿಕ್ಕುವಾಗ ಅಳು ಬಂತು. ಚೈನಿಗಾಗಿ ಅಲ್ಲ, ದೋಸೆಗಾಗಿಯೂ ಅಲ್ಲ. ವಾರದ ಏಳು ಬೆಳಗುಗಳಲ್ಲಿ ನನ್ನದು ಅಂತ ಇದ್ದದ್ದು ಆ ಭಾನುವಾರದ್ದೊಂದೇ. ಅದನ್ನೂ ನನ್ನ ಬಾಯಿಂದಲೇ ಬಿಟ್ಟುಕೊಟ್ಟಿದ್ದೆ.

ಮುಂದಿನ ಭಾನುವಾರ ಮುಸುಕು ಹೊದ್ದು ಮಲಗಿದ್ದೆ. ಸಾನ್ವಿ ಹೆಲ್ಮೆಟ್ ಹಾಕಿಕೊಂಡು ಬಂದು ಮಂಚದ ತುದಿಯಲ್ಲಿ ಕೂತಳು. ಶಾಲೆಯಿಂದ ಟ್ರೆಕ್ಕಿಗೆ ಕರೆದುಕೊಂಡು ಹೋಗುವಾಗ ಒಂದು ರೂಲ್ ಇದೆಯಂತೆ. ಎಲ್ಲರಿಗಿಂತ ನಿಧಾನದವರು ಎಲ್ಲರಿಗಿಂತ ಮುಂದೆ. ಆಗ ಯಾರೂ ಹಿಂದೆ ಉಳಿಯುವುದಿಲ್ಲ, ಯಾರೂ ತಪ್ಪಿ ಹೋಗುವುದಿಲ್ಲ. ನಮ್ಮ ಮನೆಗೂ ಇನ್ನು ಅದೇ ರೂಲ್ ಅಂದಳು. ಹಾಗಾದರೆ ನಾವು ಹೋಟೆಲ್ ಮುಟ್ಟುವಾಗ ಇಡ್ಲಿ ಖಾಲಿಯಾಗಿರುತ್ತದೆ ಅಂತ ನಮ್ಮವರು ಬಾಗಿಲಲ್ಲೇ ಗೊಣಗಿದರು. ಮಗಳು ಅತ್ತ ತಿರುಗಿಯೂ ನೋಡಲಿಲ್ಲ. ನನ್ನ ಮುಸುಕು ಎಳೆದು, ನಮ್ಮ ಬಸ್ ಕಂಡಕ್ಟರುಗಳು ದಿನವಿಡೀ ಕೂಗುವ ಅದೇ ಧಾಟಿಯಲ್ಲಿ ಹೇಳಿದಳು:

"ಚಲಾ, ಪುಢೇ ಚಲಾ."

ಮುಂದೆ ನಡೆಯಿರಿ! ಜನ್ಮದಲ್ಲಿ ಮೊದಲ ಸಲ ಆ ಮಾತನ್ನು ಯಾರೋ ನನಗೇ ಹೇಳಿದಂತಾಯಿತು. ಎದ್ದೆ.

ಗೇಟು ದಾಟಿದರೆ ಮುಂದೆ ಯಾರೂ ಇಲ್ಲ! ಬೆನ್ನಿಲ್ಲ, ಕಾಲರಿಲ್ಲ, ಮೈದಾನವಿಲ್ಲ. ಬರೀ ರಸ್ತೆ, ಮರ, ಮುಖಕ್ಕೆ ನೇರವಾಗಿ ಬೀಳುವ ಶುದ್ಧ ಮಳೆ. ಸುಮ್ಮಸುಮ್ಮನೆ ಬೆಲ್ ಹೊಡೆದೆ. ಮೊದಲ ಕೂಡುರಸ್ತೆ ಬಂತು, ಅಭ್ಯಾಸಬಲದಿಂದ ಕಾಲೂರಿ ಹಿಂದೆ ನೋಡಿದೆ. ಇಬ್ಬರೂ ನಿಂತು ನನ್ನನ್ನೇ ನೋಡುತ್ತಿದ್ದರು. "ಈಗ ಎಲ್ಲಿಗೆ?" ಅಂದರು ನಮ್ಮವರು. ತಮಾಷೆಗಲ್ಲ, ನಿಜವಾಗಿಯೂ ಗೊತ್ತಿಲ್ಲದವರ ಹಾಗೆ ಕೇಳಿದರು.

ಎಲ್ಲಿಗೆ? ಗಂಡನೊಡನೆ ಹೊರಗೆ ಹೊರಟಾಗ ಆ ಪ್ರಶ್ನೆ ನನ್ನ ಪಾಲಿಗೆ ಯಾವತ್ತಾದರೂ ಬಂದಿತ್ತೇ? ಹ್ಯಾಂಡಲ್ಲನ್ನು ಕೆರೆಯ ಕಡೆ ತಿರುಗಿಸಿದೆ. ಆಮೇಲಿನ ಭಾನುವಾರಗಳಲ್ಲಿ ಉತ್ತರ ಸಿಕ್ಕಿದ್ದೇ ಸಿಕ್ಕಿದ್ದು. ಕಮಲದ ಹೂ ಮಾರುವವಳು ಕಂಡಲ್ಲಿ ನಿಂತೆ. ಕೆರೆಯ ಇನ್ನೊಂದು ದಡಕ್ಕೆ ಹೋದೆ. ಗಣಪತಿ ಹಬ್ಬದ ಹಿಂದಿನ ಭಾನುವಾರ ಮೂರ್ತಿಗಳಿಗೆ ಬಣ್ಣ ಬಳಿಯುವ ಓಣಿಗೆ ನುಗ್ಗಿ, ಇಲಿಯ ಕಣ್ಣು ಬರೆಯುವುದನ್ನು ಮೂವರೂ ಬಾಯಿ ಬಿಟ್ಟುಕೊಂಡು ನೋಡಿದೆವು. ಇಡ್ಲಿ ಎಲ್ಲೂ ಖಾಲಿಯಾಗಿರಲಿಲ್ಲ. ಈ ಊರಿನಲ್ಲಿ ಇಡ್ಲಿ ಖಾಲಿಯಾದದ್ದನ್ನು ಕಂಡವರು ಯಾರಿದ್ದಾರೆ?

ದೀಪಾವಳಿ ಕಳೆದು ಗಾಳಿ ತಂಪಾದ ಮೇಲೆ, ಬೇಲಾಪುರಕ್ಕೆ ಹೋಗೋಣ ಅಂದೆ. ಅಷ್ಟು ದೂರವಾ ಅಂದರು ನಮ್ಮವರು. ದಿನಾ ಹೋಗುವವರು ನೀವೇ ಅಲ್ಲವಾ ಅಂದೆ. ಹೊರಟೆವು. ಐರೋಲಿ, ಘನ್ಸೋಲಿ, ತುರ್ಭೆ, ಒಂದೊಂದೇ ಹಿಂದಾಯಿತು. ಎಡಕ್ಕೆ ಉದ್ದಕ್ಕೂ ಹಸಿರು ಮಾಸದ ಪಾರಸಿಕ್ ಗುಡ್ಡ. ಇಷ್ಟು ದೊಡ್ಡ ಗುಡ್ಡ ಇಲ್ಲಿ ಯಾವಾಗ ಬಂತು ಅಂತ ಇವರು ಕೇಳಿದರು. ಟ್ರೇನಿನಲ್ಲಿ ಕೂತೊಡನೆ ನಿದ್ದೆ ಹೊಡೆಯುವವರಿಗೆ ಗುಡ್ಡ ಕಾಣುವುದು ಹೇಗೆ? ನೆರೂಳ್ ದಾಟುವಾಗ ನನ್ನ ಹಿಂದಿನಿಂದ ದೊಡ್ಡ ಏದುಸಿರು ಕೇಳಿಸಿತು. ನಾನು ಪೆಡಲ್ ನಿಧಾನ ಮಾಡಿದೆ. ರೂಲ್ ಪ್ರಕಾರ ಈಗ ಅವರೇ ಮುಂದೆ ಹೋಗಬೇಕಿತ್ತು! ಇಬ್ಬರಿಗೂ ಅದು ಹೊಳೆದಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಬೇಲಾಪುರದ ಆಫೀಸಿನ ಗೇಟಿನೆದುರು ನನ್ನ ಬುಟ್ಟಿ ಸೈಕಲ್ಲನ್ನು ನಿಲ್ಲಿಸಿ ಫೋಟೊ ತೆಗೆಸಿಕೊಂಡೆ. ತೆಗೆದದ್ದು ಇವರೇ. ಸೋಮವಾರ ಇಡೀ ಆಫೀಸಿಗೆ ತೋರಿಸಿದರಂತೆ.

ಈಗ ಕಳೆದ ವಾರದ ಸುದ್ದಿ. ಕಲ್ಯಾಣದಲ್ಲಿ ನಾದಿನಿಯ ಮನೆಯ ಗೃಹಪ್ರವೇಶ. ಟ್ರೇನ್ ಇಳಿದು ಬ್ರಿಜ್ ಹತ್ತಿದ್ದೇ ತಡ, ಇವರ ಕಾಲಿಗೆ ಹಳೆಯ ರೋಗ ಮರುಕಳಿಸಿತು. ಹತ್ತಾರು ಹೆಜ್ಜೆ ಮುಂದೆ ಹೋಗಿಯೇಬಿಟ್ಟರು. ರೇಷ್ಮೆ ಸೀರೆ, ಗಿಫ್ಟಿನ ಚೀಲ, ಹಣ್ಣಿನ ಬುಟ್ಟಿಯೊಡನೆ ಹಿಂದೆ ಉಳಿದ ನಾನು, ಹೋಗಲಿ ಬಿಡು, ಸೈಕಲ್ ಬೇರೆ ಸಂಸಾರ ಬೇರೆ ಅಂದುಕೊಂಡೆ. ಅಷ್ಟರಲ್ಲಿ ಇವರು ಗಕ್ಕನೆ ನಿಂತರು. ಜನ ಗುದ್ದಿಕೊಂಡು, ಬೈದುಕೊಂಡು ಹೋಗುತ್ತಿದ್ದರೂ ರೇಲಿಂಗ್ ಹಿಡಿದು ಅಲ್ಲೇ ನಿಂತು, ನಾನು ಬರುವವರೆಗೆ ಕಾದರು. ಆಮೇಲೆ ಪಕ್ಕಕ್ಕೆ ಸರಿದು, ಮಗಳದೇ ಧಾಟಿಯಲ್ಲಿ "ಪುಢೇ ಚಲಾ" ಅಂದರು. ಸಾನ್ವಿ ಕಿಸಕ್ಕನೆ ನಕ್ಕಳು.

ಮುಂದೆ ಹೊರಟವಳು ಒಂದು ಹೆಜ್ಜೆ ಇಟ್ಟು ತಿರುಗಿ, ಗಿಫ್ಟಿನ ಚೀಲ, ಹಣ್ಣಿನ ಬುಟ್ಟಿ ಎರಡನ್ನೂ ಅವರ ಕೈಗೆ ಕೊಟ್ಟೆ. ಹಿಂದೆ ಬರುವವರೇ ಅಲ್ಲವೇ ನಮ್ಮ ಮನೆಯಲ್ಲಿ ಯಾವಾಗಲೂ ಚೀಲ ಹೊರುವುದು?