ತಮ್ಮನ ಮೇಲೆ ಆಲ್-ಇನ್

ಮೂರೇ ಜನ ಉಳಿದಿದ್ದೆವು. ನಾನು, ನನ್ನ ಎಡಕ್ಕೆ ತಮ್ಮ ರವಿ, ಅವನ ಪಕ್ಕ ಸಲ್ಮಾ ಮೇಡಂ.

ಹೊಸಕೋಟೆಯ ನಮ್ಮ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನದ ಪೋಕರ್ ಟೂರ್ನಮೆಂಟ್. ದುಡ್ಡು ಕಟ್ಟುವ ಆಟವಲ್ಲ. ಎಲ್ಲರಿಗೂ ಒಂದೇ ಸಮ ಪ್ಲಾಸ್ಟಿಕ್ ಚಿಪ್ಸ್ ಕೊಡುತ್ತಾರೆ, ಮುಗಿದವರು ಎದ್ದು ಹೋಗಬೇಕು. ಕೊನೆಗೆ ಉಳಿದವರಿಗೆ ಒಂದು ಕಪ್, ಸೋತವರಿಗೂ ಬಿರಿಯಾನಿ.

ಮೊದಮೊದಲು ನಾನು ಈ ಆಟದಲ್ಲಿ ಬರೀ ಒಳ್ಳೆಯ ಎಲೆಗಾಗಿ ಕಾಯುತ್ತಿದ್ದೆ. ಆದರೆ ಸರದಿ ಬಂದಾಗ ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಒಂದಷ್ಟು ಚಿಪ್ಸ್ ಇಡಬೇಕು. ಅದೇ ಬ್ಲೈಂಡ್; ಪ್ರತಿ ಸುತ್ತಿನಲ್ಲೂ ಒಬ್ಬರು ಚಿಕ್ಕದು, ಅವರ ಪಕ್ಕದವರು ದೊಡ್ಡದು. ಹೊತ್ತು ಹೋದಂತೆ ಅದು ಏರುತ್ತಲೇ ಇರುತ್ತದೆ, ಸುಮ್ಮನೆ ಕೂತರೂ ಚಿಪ್ಸ್ ಕರಗುತ್ತದೆ.

ಹಾಗೆ ಕರಗಿ ಕರಗಿ ಸೋತ ಮೇಲೆ ಬುದ್ಧಿ ಬಂತು.

ಎದುರಿನವರ ಹತ್ತಿರ ಕಡಿಮೆ ಇದ್ದು ನಮ್ಮ ಹತ್ತಿರ ಜಾಸ್ತಿ ಇದ್ದರೆ, ಸಾಧಾರಣ ಎಲೆ ಹಿಡಿದೂ ದೊಡ್ಡದಾಗಿ ಇಡಬೇಕು. ಸೋತರೆ ಅವರು ಮನೆಗೆ, ನಾವಾದರೆ ಇನ್ನೂ ಕುರ್ಚಿಯಲ್ಲೇ. ಆ ಭಯಕ್ಕೇ ಎಷ್ಟೋ ಸಲ ಎಲೆ ಎಸೆದು ಆ ಸುತ್ತು ಬಿಟ್ಟುಕೊಡುತ್ತಾರೆ.

ಅವತ್ತು ನನ್ನ ಮುಂದೆ ಚಿಪ್ಸ್ ರಾಶಿ ಬಿದ್ದಿತ್ತು. ಎಲ್ಲರಿಗಿಂತ ಕಡಿಮೆ ಇದ್ದದ್ದು ರವಿಯ ಹತ್ತಿರ.

ಅವನನ್ನು ಈ ಆಟಕ್ಕೆ ಎಳೆದು ತಂದವಳೂ ನಾನೇ. ನಿಶ್ಚಿತಾರ್ಥ ಮುರಿದ ಮೇಲೆ ಫ್ಯಾಕ್ಟರಿ ಬಿಟ್ಟರೆ ರೂಮು, ರೂಮು ಬಿಟ್ಟರೆ ಫ್ಯಾಕ್ಟರಿ ಅಂತಾಗಿದ್ದ. ಅನುಗೊಂಡನಹಳ್ಳಿಯಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ, "ಒಂಚೂರು ಅವನ್ನ ನೋಡ್ಕೊಳ್ಳೇ, ನನ್ ಹತ್ರ ಸರ್ಯಾಗಿ ಮಾತೇ ಆಡ್ತಿಲ್ಲ" ಅನ್ನುತ್ತಿದ್ದರು.

ಅಂಥವನು ಅವತ್ತು ನಗುತ್ತಿದ್ದ. ಆಟ ಮುಗಿಸಿ ನಿಂತವರನ್ನೆಲ್ಲ ರೇಗಿಸುತ್ತಿದ್ದ.

ಅವನನ್ನು ಹೊರಗೆ ಹಾಕಲು ನನಗೆ ಕೈ ಬರಲಿಲ್ಲ.

ಸಲ್ಮಾ ಮೇಡಂ ದೊಡ್ಡ ಬ್ಲೈಂಡ್ ಇಟ್ಟಾಗ ನಾನು ಜೋರಾಗಿ ಪಣ ಏರಿಸುತ್ತಿದ್ದೆ, ಅವರು ಎಲೆ ಎಸೆಯುತ್ತಿದ್ದರು. ರವಿ ಇಟ್ಟಾಗ ಮೇಡಂ ಎಲೆ ಎಸೆದರೆ ನಾನೂ ಸುಮ್ಮನೆ ಎಸೆದುಬಿಡುತ್ತಿದ್ದೆ. ನಾನಿಟ್ಟ ಚಿಕ್ಕ ಬ್ಲೈಂಡ್ ಪುಕ್ಕಟೆಯಾಗಿ ಅವನಿಗೆ ಹೋಗುತ್ತಿತ್ತು.

ಯಾರಿಗೂ ಗೊತ್ತಾಗುತ್ತಿಲ್ಲ ಅಂದುಕೊಂಡಿದ್ದೆ...

ಸಲ್ಮಾ ಮೇಡಂ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವರು. ಗದ್ದಲದ ಸ್ವಭಾವ ಅಲ್ಲ. ಎಲೆ ಕಲೆಸುತ್ತಾ, ತಲೆ ಎತ್ತದೆಯೇ ಹೇಳಿದರು.

"ಮಂಜುಳಾ, ತಮ್ಮನ ಮೇಲೆ ಆಡೋಕೆ ಇಷ್ಟ ಇಲ್ದಿದ್ರೆ ಹೇಳ್ಬಿಡಿ. ಕಪ್ ಅವ್ರಿಗೇ ಕೊಟ್ಟು ಊಟಕ್ಕೆ ಹೋಗೋಣ. ನಾನೊಬ್ಬಳು ಯಾಕೆ ನಿಮ್ಮಿಬ್ರ ವಿರುದ್ಧ ಆಡ್ಬೇಕು?"

ಮುಖ ಬಿಸಿಯಾಯಿತು. ಅವರ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ರವಿ ಮಾತ್ರ, "ಏನ್ ಮೇಡಂ ನೀವು, ಅಕ್ಕಂಗೆ ಎಲೆ ಬಂದಿಲ್ಲ ಅಷ್ಟೇ" ಎಂದು ನಕ್ಕ.

ಬಂದಿತ್ತು. ಸ್ವಲ್ಪ ಹೊತ್ತಿನ ಹಿಂದೆ, ಕೈಯಲ್ಲಿ ರಾಣಿಯರ ಜೋಡಿಯೇ ಇದ್ದಾಗಲೂ ನಾನು ಎಸೆದಿದ್ದೆ.

ಮತ್ತೆ ಅವನು ದೊಡ್ಡ ಬ್ಲೈಂಡ್ ಇಡುವ ಸರದಿ. ಸಲ್ಮಾ ಮೇಡಂ ಎಲೆ ಎಸೆದು ಕೈ ಕಟ್ಟಿ ಕೂತರು. ನನ್ನ ಕೈಯಲ್ಲಿ ಒಂದು ರಾಜ, ಒಂದು ಒಂಬತ್ತು. ಅಂಥ ಭಾರಿ ಎಲೆಯೇನಲ್ಲ. ಆದರೆ ಆ ಜಾಗದಲ್ಲಿ ಬೇರೆ ಯಾರೇ ಕೂತಿದ್ದರೂ ನಾನು ಕ್ಷಣ ಕೂಡ ಯೋಚಿಸುತ್ತಿರಲಿಲ್ಲ.

"ಆಲ್-ಇನ್" ಎಂದೆ. ಚಿಪ್ಸನ್ನೆಲ್ಲ ಮುಂದಕ್ಕೆ ತಳ್ಳಿದೆ.

ರವಿಯ ನಗು ನಿಂತಿತು. "ಅಕ್ಕ... ನನ್ ಮೇಲಾ?"

"ಆಟ ಕಣೋ. ಯೋಚ್ನೆ ಮಾಡಿ ಹೇಳು."

ಎಲೆಯನ್ನೇ ನೋಡುತ್ತಾ ಕೂತ. ಆಮೇಲೆ ತನ್ನ ಚಿಪ್ಸನ್ನೂ ತಳ್ಳಿದ. ತಿರುಗಿಸಿದರೆ ಎಕ್ಕ! ನನ್ನ ರಾಜನಿಗಿಂತ ಮೇಲು. ನಿಜ ಹೇಳಬೇಕೆಂದರೆ ನನ್ನ ಎದೆ ಹಗುರಾಯಿತು. ನಾನು ಆಡಿದ ಹಾಗೂ ಆಯಿತು, ಅವನು ಉಳಿದ ಹಾಗೂ ಆಯಿತು.

ಇಬ್ಬರಿಗೂ ಸೇರಿದ ಮಧ್ಯದ ಐದು ಎಲೆಗಳು ಒಂದೊಂದಾಗಿ ತೆರೆದುಕೊಂಡವು. ಕೊನೆಯದು ಒಂಬತ್ತು. ನನಗೆ ಜೋಡಿ ಸಿಕ್ಕಿತು, ಅವನಿಗೆ ಏನೂ ಸಿಗಲಿಲ್ಲ; ಒಂಟಿ ಎಕ್ಕಕ್ಕಿಂತ ಜೋಡಿಯೇ ಮೇಲು.

ರವಿ ಎದ್ದ. ಸಲ್ಮಾ ಮೇಡಂ ಕೈ ಕುಲುಕಿ, ನನ್ನ ಕಡೆ ನೋಡದೆ ಹೊರಗೆ ಹೋದ.

ಆಮೇಲೆ ಆಡಿದ್ದೆಲ್ಲ ಸರಿಯಾಗಿ ನೆನಪಿಲ್ಲ. ಕಣ್ಣು ಬಾಗಿಲ ಕಡೆಗೇ ಇತ್ತು. ಕಪ್ ಸಲ್ಮಾ ಮೇಡಂ ಗೆದ್ದರು, ಅವರೇ ಗೆಲ್ಲಬೇಕಿತ್ತು ಕೂಡ.

ಹೊರಗೆ ಬಂದರೆ ರವಿ ಮೆಟ್ಟಿಲ ಮೇಲೆ ಬಿರಿಯಾನಿ ತಟ್ಟೆ ಹಿಡಿದು ಕೂತಿದ್ದಾನೆ. ತಿಂದಿಲ್ಲ. ಪಕ್ಕ ಕೂತೆ. ಸಾರಿ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಶುರು ಮಾಡಿದ.

"ಅಕ್ಕ, ಅದಕ್ ಮುಂಚೆನೂ ನಂಗೆ ಒಳ್ಳೊಳ್ಳೆ ಎಲೆ ಬಂದಿತ್ತು. ಆಗ್ಲೇ ಎಲ್ಲ ತಳ್ಬಿಡ್ಬೇಕಿತ್ತು. ತಳ್ಳಲಿಲ್ಲ."

"ಯಾಕೋ?"

"ನೀನು ನನ್ನ ಹೊರಗ್ ಹಾಕಲ್ಲ ಅಂತ ಗೊತ್ತಿತ್ತಲ್ಲ... ಇನ್ನೂ ಒಳ್ಳೇದು ಬರ್ಲಿ ಅಂತ ಕಾಯ್ತಾ ಕೂತೆ. ಅಷ್ಟೊತ್ತಿಗೆ ಕೈಲಿದ್ದಿದ್ದೆಲ್ಲ ಕರಗೋಯ್ತು."

ಉಳಿಸುತ್ತಿದ್ದೇನೆ ಅಂದುಕೊಂಡು ಅವನ ಆಟ ಕೆಡಿಸಿದ್ದು ನಾನು!

ಈ ಕೆಲವು ತಿಂಗಳಲ್ಲಿ ನೆಂಟರ ಫೋನುಗಳಿಗೆಲ್ಲ ಅವನ ಬದಲು ನಾನೇ ಉತ್ತರ ಕೊಟ್ಟಿದ್ದೆ. ಹೊಸ ಸಂಬಂಧ ಬಂದರೆ ಅವನನ್ನು ಕೇಳದೆಯೇ "ಈಗ್ಲೇ ಬೇಡ" ಅಂದಿದ್ದೆ. ಅವನ ಪರವಾಗಿ ಇನ್ನೂ ಏನೇನು ಎಲೆ ಎಸೆದಿದ್ದೇನೋ ಅಂತ ಅಲ್ಲೇ ಕೂತು ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಅವನು ತಿನ್ನಲು ಶುರು ಮಾಡಿದ್ದ. ಬಾಯಿ ತುಂಬಾ ಅನ್ನ ಇಟ್ಟುಕೊಂಡೇ, "ಮುಂದಿನ್ ಸಲ ನಾನ್ ನಿನ್ ಮೇಲೆ ಆಲ್-ಇನ್ ಹೊಡಿತೀನಿ. ಅಳ್ಬಾರ್ದು ಆಯ್ತಾ" ಅಂದ.

ಅಳು ಆಗಲೇ ಬಂದಿತ್ತು, ಅವನ ತಟ್ಟೆಯಿಂದ ಒಂದು ತುತ್ತು ತಿಂದು ಖಾರದ ನೆಪ ಹೇಳಿದೆ.

ನೀವು ಹೇಳಿ, ತುಂಬಾ ಬೇಕಾದವರು ಎದುರಿಗೆ ಕೂತಾಗ ನಿಜವಾಗಿ ಆಡುತ್ತೀರಾ, ಅಥವಾ ಬಿಟ್ಟುಕೊಡುತ್ತೀರಾ?